ಕೆಂಪು ಸೆಂಟಿನ ಮೇಲೆ ಹೆಬ್ಬೆಟ್ಟು

ಹಾರ್ಲನ್ ಕ್ರೀಕ್ ನಾಣ್ಯ ಸಂಘದಲ್ಲಿ ನಾಣ್ಯದ ಮೇಲೆ ಬಗ್ಗಿಕೊಂಡು ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಉಗುಳು ಸಿಡಿಯುತ್ತದೆ. ಸಿಡಿದದ್ದು ಇವತ್ತು ಕಾಣದಿದ್ದರೂ ಹತ್ತು ವರ್ಷದ ಮೇಲೆ ತಾಮ್ರದ ಮೇಲೆ ಸಾಸಿವೆ ಕಾಳಿನಂತಹ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಆದ್ದರಿಂದ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಅಗ್ನಿಶಾಮಕ ಠಾಣೆಯ ಹಿಂದಿನ ಹಜಾರದಲ್ಲಿ ಸೇರುವ ಹತ್ತೊಂಬತ್ತು ಮಂದಿ ಮೊದಲ ಅರ್ಧ ಗಂಟೆ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಾರೆ. ಓಹಾಯೋದ ಆ ಊರಿನಲ್ಲಿ ಇಷ್ಟು ಜನ ಒಟ್ಟಿಗೆ ಇಷ್ಟು ಹೊತ್ತು ಸುಮ್ಮನಿರುವ ಜಾಗ ಇನ್ನೊಂದಿಲ್ಲ. ಚರ್ಚಿನಲ್ಲಂತೂ ಇಲ್ಲವೇ ಇಲ್ಲ.

ಇದು ಅವರ ಮಡಿ. ಮಡಿ ಎಂದಮೇಲೆ ಅದಕ್ಕೆ ಮರಿಮಡಿಗಳೂ ಇರಬೇಕಲ್ಲ. ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು, ಮುಖ ಮುಟ್ಟಕೂಡದು. ಕೈಯ ಕೆಳಗೆ ಹಸಿರು ಮಖಮಲ್ಲಿನ ತಟ್ಟೆ ಇರಬೇಕು. ತಟ್ಟೆಗಳನ್ನೆಲ್ಲ ಮುಚ್ಚಿದ ಮೇಲೆಯೇ ಕಾಫಿ. ಸಕ್ಕರೆ ಪುಡಿ ಉದುರುವ ಡೋನಟ್ಟಿಗೆ 1991ರಿಂದ ಬಹಿಷ್ಕಾರ. ಅದಕ್ಕೆ ಕಾರಣನಾದವನು ತೀರಿಕೊಂಡು ಎಷ್ಟೋ ವರ್ಷವಾದರೂ ಬಹಿಷ್ಕಾರ ಇನ್ನೂ ಜೀವಂತವಾಗಿದೆ. ಮಹಾಪಾತಕವೆಂದರೆ ನಾಣ್ಯವನ್ನು ಉಜ್ಜಿ ತೊಳೆಯುವುದು. ಮನೆಯವರು ಪ್ರೀತಿಯಿಂದ ಸೋಡಾಪುಡಿ ಹಾಕಿ ತಿಕ್ಕಿ ಫಳಫಳ ಹೊಳೆಸಿದ ಬೆಳ್ಳಿ ಡಾಲರುಗಳ ಕಥೆಯನ್ನು ಅವರು ಬೇರೆಯವರು ಅಪಘಾತದ ಕಥೆ ಹೇಳುವ ದನಿಯಲ್ಲಿ ಹೇಳುತ್ತಾರೆ.

ಎಲ್ಡನ್ ಗ್ರೇಬಿಲ್ ಈ ಮಡಿಯನ್ನು ನಲವತ್ತೊಂದು ವರ್ಷ ಚಾಚೂ ತಪ್ಪದೆ ಪಾಲಿಸಿದವನು. ಹೊಟ್ಟೆಪಾಡಿಗೆ ಅವನು ಶಾಲಾ ಬಸ್ಸುಗಳ ಮೆಕ್ಯಾನಿಕ್ಕು. ನಿವೃತ್ತನಾಗಿ ಏಳು ವರ್ಷವಾಗಿದ್ದರೂ ಉಗುರುಸಂದಿಯ ಕಪ್ಪು ಇನ್ನೂ ನಿವೃತ್ತವಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಗ್ರೀಸು ತೆಗೆಯುವ ಕಿತ್ತಳೆ ವಾಸನೆಯ ಸಾಬೂನಿನಲ್ಲಿ ಮೂರು ಸಲ ಕೈ ತೊಳೆದುಕೊಂಡು ಹೊರಡುತ್ತಿದ್ದ. ಅವನ ಹೆಂಡತಿ ಬದುಕಿದ್ದಾಗ, "ನನ್ನ ಕೈ ಹಿಡಿಯೋಕೆ ಒಂದ್ಸಲನಾದ್ರೂ ಹೀಗೆ ತೊಳ್ಕೊಂಡಿದ್ಯಾ?" ಎಂದು ಕೇಳುತ್ತಿದ್ದಳು. ಅವನು ಅದನ್ನು ನಿಜವಾದ ಪ್ರಶ್ನೆಯೆಂದು ತಿಳಿದು ಯೋಚಿಸುತ್ತಿದ್ದ.

ಅವನ ಸಂಗ್ರಹ ದೊಡ್ಡದಲ್ಲ. ಅದರಲ್ಲಿ ಒಂದೇ ಒಂದು ಮಾತ್ರ ಹೇಳಿಕೊಳ್ಳುವಂಥದ್ದು: 1853ರ ದೊಡ್ಡ ಸೆಂಟು. ಆ ಕಾಲದಲ್ಲಿ ಒಂದು ಸೆಂಟು ಎಂದರೆ ಅಂಗೈ ತುಂಬುವ ಅಪ್ಪಟ ತಾಮ್ರ. ಒಂದು ಮುಖದಲ್ಲಿ ಕಿರೀಟ ತೊಟ್ಟು ಜಡೆ ಸುತ್ತಿದ ಸ್ವಾತಂತ್ರ್ಯದೇವಿ, ಸುತ್ತ ಹದಿಮೂರು ನಕ್ಷತ್ರ. ಟಂಕಸಾಲೆಯಿಂದ ಹೊರಬಿದ್ದ ದಿನ ಪ್ರತಿಯೊಂದು ಸೆಂಟೂ ಊದಿದ ಕೆಂಡದಂತೆ ಕೆಂಪಗಿರುತ್ತದೆ. ಬೆವರು, ಹೊಗೆ, ಜೇಬು, ಗಲ್ಲಾಪೆಟ್ಟಿಗೆ ಎಲ್ಲ ಸೇರಿ ವರ್ಷದೊಳಗೆ ಅದನ್ನು ಕಾಫಿಬೀಜದ ಬಣ್ಣಕ್ಕೆ ಇಳಿಸುತ್ತವೆ. ಎಲ್ಡನ್ನನ ಸೆಂಟು ಮಾತ್ರ ಇಳಿದಿರಲಿಲ್ಲ. ಯಾರೋ ಅದನ್ನು ಹುಟ್ಟಿದ ವಾರವೇ ಹತ್ತಿಯಲ್ಲಿ ಸುತ್ತಿ ಮಾತ್ರೆಯ ಡಬ್ಬಿಯಲ್ಲಿಟ್ಟು ಮರೆತುಬಿಟ್ಟಿದ್ದರು. 1988ರಲ್ಲಿ ಡೇಟನ್ನಿನ ಒಬ್ಬ ಮುದಿ ವ್ಯಾಪಾರಿ ಅದನ್ನು ಕಿಟಕಿಯ ಬೆಳಕಿಗೆ ಒಡ್ಡಿದಾಗ, ಎಲ್ಡನ್ ಬೆಲೆ ಕೇಳುವುದನ್ನು ಮರೆತು ತನ್ನ ಟೋಪಿ ತೆಗೆದ. ಎಂಟು ತಿಂಗಳ ಶನಿವಾರದ ದುಡಿಮೆ ಅದಕ್ಕೆ ಹೋಯಿತು.

ಅದನ್ನು ನೋಡುವಾಗೆಲ್ಲ ಅವನಿಗೆ ಒಂದೇ ಯೋಚನೆ. ಯುದ್ಧಗಳು ಆದವು, ರೈಲು ಬಂತು ಹೋಯಿತು, ಈ ಊರು ಹುಟ್ಟಿತು, ಅರ್ಧ ಸತ್ತಿತು; ಅಷ್ಟೂ ಹೊತ್ತು ಇದನ್ನು ಯಾರೂ ಮುಟ್ಟಲಿಲ್ಲ. ಎದೆಯೊಳಗೆ ಏನೋ ನಿಂತಂತಾಗುತ್ತಿತ್ತು. ಅದಕ್ಕೆ ಹೆಸರಿಡುವ ಗೋಜಿಗೆ ಅವನು ಹೋಗಲಿಲ್ಲ. ಮೂವತ್ತೈದು ವರ್ಷದಲ್ಲಿ ಎರಡೇ ಸಲ ಸಂಘಕ್ಕೆ ತಂದು ತೋರಿಸಿದ್ದ. ಈ ಮಾರ್ಚಿನಲ್ಲಿ ಮೂರನೆಯ ಸಲ ತಂದ. ಚಳಿಗಾಲದಲ್ಲಿ ಅವನ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ಅಂಚಿನಲ್ಲಿ ಹಿಡಿದು ತೋರಿಸುವ ಶಕ್ತಿ ಇರುವಾಗಲೇ ಒಮ್ಮೆ ತೋರಿಸಿಬಿಡೋಣ ಎಂದುಕೊಂಡ. ಇದನ್ನು ಯಾರಿಗೂ ಹೇಳಲಿಲ್ಲ.

ಅವತ್ತು ಡಾರ್ಲಾ ಇದ್ದಳು. ಊರಿನ ಬ್ಯಾಂಕಿನ ಎರಡನೆಯ ಕಿಟಕಿಯಲ್ಲಿ ಮೂವತ್ತೊಂದು ವರ್ಷ ಕೂತವಳು. ಎದೆಯ ಮೇಲಿನ ತಗಡಿನಲ್ಲಿ 'ಡಾರ್ಲಾ' ಎಂದಷ್ಟೇ ಇದ್ದದ್ದರಿಂದ ಊರಿಗೆಲ್ಲ ಅವಳು ಅಷ್ಟೇ. ಶುಕ್ರವಾರ ಶುಕ್ರವಾರ ಎಲ್ಡನ್ ಮತ್ತು ಅವನ ಗೆಳೆಯ ರಾಯ್ಸ್ ಟೆಂಪ್ಲಿನ್ ಅವಳ ಕಿಟಕಿಗೆ ಹೋಗಿ ಕಾಗದದಲ್ಲಿ ಸುತ್ತಿದ ಅರ್ಧ ಡಾಲರ್ ನಾಣ್ಯಗಳ ಸುರುಳಿಗಳನ್ನು ಕೊಂಡು, ಮನೆಯಲ್ಲಿ ಬಿಚ್ಚಿ, ಹಳೆಯ ಬೆಳ್ಳಿಯದೇನಾದರೂ ಸಿಕ್ಕಿದರೆ ಇಟ್ಟುಕೊಂಡು, ಉಳಿದದ್ದನ್ನು ಪಕ್ಕದ ಊರಿನ ಬ್ಯಾಂಕಿಗೆ ಕಟ್ಟಿಬಿಡುತ್ತಿದ್ದರು. ತಂದ ಕಡೆಗೇ ವಾಪಸು ಕೊಟ್ಟರೆ ಮುಂದಿನ ವಾರ ಅವೇ ಕೈಗೆ ಬರುತ್ತವೆ. ಇದು ಸಂಘದ ಗುಟ್ಟು ಎಂದು ಅವರು ನಂಬಿದ್ದರು.

ನಿವೃತ್ತಳಾದ ಡಾರ್ಲಾ ಫೆಬ್ರವರಿಯಲ್ಲಿ ಮೊದಲ ಸಲ ಸಂಘಕ್ಕೆ ಬಂದಾಗ ರಾಯ್ಸ್ ಕೇಳಿದ, "ಏನಮ್ಮಾ, ಅಷ್ಟು ವರ್ಷ ದುಡ್ಡು ನೋಡಿ ಸಾಕಾಗ್ಲಿಲ್ವಾ?"

"ಎಣಿಸಿದ್ದೀನಿ ಅಷ್ಟೇ ರಾಯ್ಸ್, ಎಲ್ಲಿ ನೋಡಿದ್ದೀನಿ?" ಎಂದಳು ಅವಳು. "ನೀವಿಬ್ರೂ ಪಕ್ಕದೂರಿಗೆ ಸುರಿದು ಬರ್ತಿದ್ರಲ್ಲ, ಅಲ್ಲಿನ ಹುಡುಗಿ ವಾರ ವಾರ ನಂಗೆ ಫೋನ್ ಮಾಡಿ ಬೈತಿದ್ಲು. 'ನಿಮ್ಮೂರಿನ ಮುದುಕರನ್ನ ನೀವೇ ಇಟ್ಕೊಳ್ಳಿ' ಅಂತ."

ಸಂಘಕ್ಕೆ ಸೇರುವ ಕ್ರಮ 1958ರಲ್ಲಿ ಬರೆದಿಟ್ಟದ್ದು. ಸದಸ್ಯರೊಬ್ಬರು ಹೆಸರು ಸೂಚಿಸಿ, ಇನ್ನೊಬ್ಬರು ಅನುಮೋದಿಸಬೇಕು. ಮೂರು ಸಭೆಗೆ ಬರಬೇಕು. ಮೂರನೆಯದರಲ್ಲಿ ತನ್ನದೊಂದು ನಾಣ್ಯ ತಂದು ತೋರಿಸಿ, ಅದರ ವಿಷಯ ನಾಲ್ಕು ಮಾತು ಆಡಬೇಕು. ಆಮೇಲೆ ಮತ. ಪ್ರತಿ ಸದಸ್ಯನಿಗೂ ಎರಡು ಸೆಂಟು ಕೊಡುತ್ತಾರೆ: ತಾಮ್ರದ್ದೊಂದು, 1943ರದ್ದೊಂದು. ಆ ವರ್ಷ ತಾಮ್ರವೆಲ್ಲ ಯುದ್ಧಕ್ಕೆ ಹೋಗಿ, ಸೆಂಟುಗಳನ್ನು ಉಕ್ಕಿನಲ್ಲಿ ಒತ್ತಿದ್ದರು. ತಾಮ್ರ ಹಾಕಿದರೆ ಬೇಕು, ಉಕ್ಕು ಹಾಕಿದರೆ ಬೇಡ. ಪೆಟ್ಟಿಗೆಯ ಬಾಯಿಗೆ ಹಳೆಯ ಕಾಲುಚೀಲ ಹೊಲಿದಿದ್ದಾರೆ; ಮುಚ್ಚಿದ ಮುಷ್ಟಿಯನ್ನು ಮೊಣಕೈವರೆಗೆ ಅದರೊಳಗೆ ತೂರಿಸಿ ಒಂದನ್ನು ಬಿಡಬೇಕು, ಉಳಿದದ್ದನ್ನು ಬಾಗಿಲ ಬಳಿಯ ಕಾಫಿಡಬ್ಬಿಗೆ ಹಾಕಬೇಕು. ಬಿದ್ದ ಸದ್ದಿನಿಂದಲೇ ಲೋಹ ಗುರುತಿಸುವ ಕಿವಿಗಳು ಅಲ್ಲಿರುವುದರಿಂದ ಪೆಟ್ಟಿಗೆಯೊಳಗೆ ದಪ್ಪ ಬಟ್ಟೆ ಹಾಸಿದೆ. ಕೊನೆಗೆ ಅಧ್ಯಕ್ಷರು ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಒಳಗೆ ಇಳಿಬಿಡುತ್ತಾರೆ. ಏನೂ ಅಂಟದೆ ಮೇಲೆ ಬಂದರೆ ಹೊಸಬರಿಗೆ ಚಪ್ಪಾಳೆ. ಒಂದೇ ಒಂದು ಉಕ್ಕು ಅಂಟಿದರೂ ಬಾಗಿಲು ಮುಚ್ಚಿದಂತೆ. ತಾನು ಏನು ಹಾಕಿದೆನೆಂದು ಯಾರೂ ಬಾಯಿಬಿಡುವಂತಿಲ್ಲ. ಬಿಟ್ಟರೆ ಬಿಟ್ಟವನೇ ಹೊರಗೆ. ಅರವತ್ತೈದು ವರ್ಷದಲ್ಲಿ ಉಕ್ಕು ಅಂಟಿದ್ದು ಒಮ್ಮೆ, 1974ರಲ್ಲಿ, ನಾಣ್ಯಗಳಿಗೆ ತೂತು ಕೊರೆದು ಸರ ಮಾಡಿ ಮಾರುತ್ತಿದ್ದವನಿಗೆ. ಅವತ್ತು ಹನ್ನೊಂದು ಅಂಟಿದ್ದವಂತೆ.

ಮಾರ್ಚಿನದು ಡಾರ್ಲಾಳ ಎರಡನೆಯ ಸಭೆ. ಎಲ್ಡನ್ನನ ಕೆಂಪು ಸೆಂಟು ಮಖಮಲ್ಲಿನ ತಟ್ಟೆಯಲ್ಲಿ ಒಬ್ಬರಿಂದ ಒಬ್ಬರಿಗೆ, ಮಂಗಳಾರತಿಯ ತಟ್ಟೆಯಂತೆ ಬಂತು. ಪ್ರತಿಯೊಬ್ಬರೂ ಅಂಚಿನಲ್ಲಿ ಎತ್ತಿ, ಕಿಟಕಿಯ ಕಡೆ ವಾಲಿಸಿ, ಉಸಿರು ಬಿಗಿಹಿಡಿದು ನೋಡಿ ಇಳಿಸಿದರು. ಡಾರ್ಲಾ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಅವಳ ಕಣ್ಣು ಒದ್ದೆಯಾಯಿತೆಂದು ಎಲ್ಡನ್ನನಿಗೆ ಅನಿಸಿತು. ಅವನಿಗೆ ಅದು ಇಷ್ಟವಾಯಿತು. ಅವಳು ಸೆಂಟನ್ನು ತಟ್ಟೆಗಿಳಿಸಿ ಪಕ್ಕದ ರಾಯ್ಸ್ ಕಡೆ ತಳ್ಳುವಾಗ ತಟ್ಟೆ ಒಂದಿಷ್ಟು ವಾಲಿತು. ಸೆಂಟು ಜಾರಿ ಬರಿಯ ಮೇಜಿನ ಮೇಲೆ ಮಲಗಿತು.

ನುಣ್ಣನೆಯ ಮೇಜಿನ ಮೇಲೆ ಮಲಗಿದ ನಾಣ್ಯವನ್ನು ಅಂಚಿನಲ್ಲಿ ಎತ್ತಲಾಗುವುದಿಲ್ಲ. ಅಡಿಗೆ ಕಾಗದ ತೂರಿಸಿ ಎತ್ತಬೇಕು. ಆದರೆ ಮೂವತ್ತೊಂದು ವರ್ಷ ಕಿಟಕಿಯಲ್ಲಿ ಕೂತ ಕೈಗೆ ಬೇರೊಂದು ವಿದ್ಯೆ ಗೊತ್ತು. ಅವಳು ಯೋಚಿಸಲೇ ಇಲ್ಲ. ಹೆಬ್ಬೆರಳನ್ನು ದೇವಿಯ ಕೆನ್ನೆಯ ಮೇಲೆ ಒತ್ತಿ, ಸೆಂಟನ್ನು ಸರ್ರನೆ ಮೇಜಿನ ಅಂಚಿಗೆಳೆದು ಅಂಗೈಗೆ ಹಾಕಿಕೊಂಡು, ತಟ್ಟೆಗೆ ಇಟ್ಟಳು. ಅರ್ಧ ಕ್ಷಣದ ಕೆಲಸ. ಅಂತಹದನ್ನು ಅವಳು ದಿನಕ್ಕೆ ಸಾವಿರ ಸಲ ಮಾಡಿದ್ದಳು.

ಸುತ್ತಲಿನ ಕುರ್ಚಿಗಳೆಲ್ಲ ಒಮ್ಮೆಲೇ ಹಿಂದೆ ಸರಿದವು.

"ಅಯ್ಯೋ ತಾಯಿ," ಎಂದ ರಾಯ್ಸ್.

ಡಾರ್ಲಾ ಎಲ್ಲರ ಮುಖ ನೋಡಿದಳು, ತನ್ನ ಹೆಬ್ಬೆರಳು ನೋಡಿಕೊಂಡಳು. ಬೆಳಿಗ್ಗೆ ಹಚ್ಚಿದ ಕೈಯ ಕ್ರೀಮು ಇನ್ನೂ ಜಿಡ್ಡುಜಿಡ್ಡಾಗಿತ್ತು. "ಗ್ರೇಬಿಲ್ ಅವರೇ, ನಾನು... ಕೈ ತಾನಾಗೇ ಹೋಗ್ಬಿಡ್ತು."

"ಪರವಾಗಿಲ್ಲ," ಎಂದ ಎಲ್ಡನ್. ಅವನು ಅಷ್ಟು ಮೆಲ್ಲಗೆ ಹೇಳಿದ್ದರಿಂದ ಪರವಾಗಿದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಇಪ್ಪತ್ತು ನಿಮಿಷದಲ್ಲಿ ಅವನು ಮನೆಯಲ್ಲಿದ್ದ. ತೊಳೆಯುವುದು ಮಹಾಪಾತಕ, ಸರಿ. ಆದರೆ ಜಿಡ್ಡನ್ನಷ್ಟೇ ಕರಗಿಸುವ ಅಸಿಟೋನಿನಲ್ಲಿ ಅದ್ದುವುದು ತೊಳೆಯುವುದಲ್ಲ ಎಂದು ಅವರ ಶಾಸ್ತ್ರದಲ್ಲಿ ಒಂದು ಒಪ್ಪಿಗೆಯಿದೆ, ಎಲ್ಲ ಶಾಸ್ತ್ರಗಳಲ್ಲೂ ಇರುವಂತೆ. ಅದ್ದಿದ, ಎತ್ತಿದ, ಗಾಳಿಗೆ ಒಣಗಿಸಿದ. ಕೆನ್ನೆ ಶುಭ್ರವಾಗಿತ್ತು. ಅವನು ಕುರ್ಚಿಯಲ್ಲಿ ಕುಸಿದು ಒಂದು ಬಟ್ಟಲು ಸೂಪು ಕುಡಿದ.

ನಾಲ್ಕನೆಯ ದಿನ ಬೆಳಿಗ್ಗೆ ಗುರುತು ಎದ್ದಿತ್ತು. ಮೊದಲು ಗಾಜಿನ ಮೇಲೆ ಉಸಿರು ಬಿಟ್ಟಂತೆ ಒಂದು ಮಸುಕು. ಎಂಟನೆಯ ದಿನಕ್ಕೆ ನಸುಗಂದು ಗೆರೆಗಳು. ಎರಡು ವಾರಕ್ಕೆ ಸ್ವಾತಂತ್ರ್ಯದೇವಿಯ ಗಲ್ಲದಿಂದ ಕಿವಿಯ ಮೇಲಿನ ಜಡೆಯವರೆಗೆ ಡಾರ್ಲಾಳ ಹೆಬ್ಬೆಟ್ಟು ಬಿದ್ದಿತ್ತು, ಪತ್ರಕ್ಕೆ ಸಾಕ್ಷಿ ಒತ್ತಿದಷ್ಟು ಸ್ಪಷ್ಟವಾಗಿ. ಅದು ಇನ್ನು ಹೋಗುವಂಥದ್ದಲ್ಲ. ತಾಮ್ರವೇ ಅಷ್ಟು ಆಳಕ್ಕೆ ಬಣ್ಣ ತಿರುಗಿತ್ತು.

ಭಾನುವಾರ ಮಧ್ಯಾಹ್ನ ರಾಯ್ಸ್ ಬಂದು ನೋಡಿದ. ಅವನು ಎಲ್ಡನ್ನನ ಜೊತೆ ಒಂದನೆಯ ತರಗತಿಯಲ್ಲಿ ಕೂತವನು. ಎಲ್ಡನ್ ಮಾತಾಡದ ಮಾತುಗಳನ್ನೆಲ್ಲ ತಾನೇ ಆಡುವುದು ಅರವತ್ತಾರು ವರ್ಷದ ಅಭ್ಯಾಸ.

"ಉಕ್ಕು ಹಾಕು," ಎಂದ ರಾಯ್ಸ್. "ಏಪ್ರಿಲ್‌ನಲ್ಲಿ ಅವಳನ್ನ ಸೇರಿಸೋ ಮತ. ಕೈ ಒಳಗೆ ಹಾಕು, ಉಕ್ಕು ಬಿಡು, ಮನೆಗೆ ಬಾ."

ಎಲ್ಡನ್ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದಿದ್ದ.

"ಕೇಳಿಸ್ತಾ? ನೀನು ಯಾವತ್ತೂ ಹಿಂಗೇನೇ. ನಿನ್ನ ಗ್ಯಾರೇಜಿಗೆ ಹಿಂದೆಮುಂದೆ ನೋಡ್ದೆ ಬಸ್ಸು ನುಗ್ಗಿಸಿದನಲ್ಲ ಆ ಡ್ರೈವರು, ಅವನಿಗೂ ನೀನೇ ಕ್ಷಮೆ ಕೇಳ್ದೆ."

"ಬಾಗಿಲು ಕಿರಿದಾಗಿತ್ತು," ಎಂದ ಎಲ್ಡನ್.

"ಬಾಗಿಲು ಕಿರಿದಂತೆ. ನಿಂಗೆ ಸಿಟ್ಟೇ ಬರಲ್ವೇನೋ ಮಾರಾಯ?"

ಸಿಟ್ಟು ಬಂದಿತ್ತು. ಗುರುತು ಎದ್ದ ದಿನ ಎಷ್ಟು ಬಂದಿತ್ತೆಂದರೆ ಆಮೇಲೆ ಮೂರು ದಿನ ಅವನು ಡಬ್ಬಿ ತೆರೆಯಲೇ ಇಲ್ಲ. ಡಾರ್ಲಾ ಒಂದು ಪತ್ರ ಬರೆದು, ನಾಣ್ಯದ ಬೆಲೆ ಕೊಡುತ್ತೇನೆ ಎಂದಿದ್ದಳು. ಅವನು 'ಬೇಡ' ಎಂದು ಒಂದೇ ಪದ ಬರೆದು ಅಂಚೆಗೆ ಹಾಕಿದ್ದ. ಉಕ್ಕು ಹಾಕುವುದೆಂದೇ ನಿಶ್ಚಯಿಸಿಯೂ ಆಗಿತ್ತು. ಆದರೆ ರಾಯ್ಸ್‌ಗೆ ಹೇಳಲಾಗದ ಒಂದು ಸಂಗತಿ ನಡೆದಿತ್ತು. ಹೇಳಿದರೆ ಅವನು ಇಡೀ ಊರಿಗೆ ಕೇಳುವಂತೆ ನಗುತ್ತಿದ್ದ.

ಎರಡನೆಯ ವಾರದ ಒಂದು ಬೆಳಿಗ್ಗೆ, ಎಷ್ಟು ಹಾಳಾಗಿದೆ ನೋಡೋಣವೆಂದು ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವ ಗಾಜನ್ನು ಕಣ್ಣಿಗೆ ಒತ್ತಿಕೊಂಡಿದ್ದ. ಮೊದಲು ಕಂಡದ್ದು ಗೆರೆಗಳ ಸುಳಿ. ಹೊಳೆಯ ಮಡುವಿನಲ್ಲಿ ನೀರು ಸುತ್ತುವಂತೆ ದೇವಿಯ ಕೆನ್ನೆಯ ನಡುವಿನಿಂದ ಸುತ್ತಿ ಸುತ್ತಿ ಹೊರಬಂದಿದ್ದವು. ಪ್ರತಿ ಗೆರೆಯ ಬೆನ್ನಿನ ಮೇಲೂ ಸೂಜಿಮೊನೆಯ ಚುಕ್ಕೆಗಳ ಸಾಲು. ಬೆವರಿನ ರಂಧ್ರಗಳು ಅವು ಎಂದು ಅರಿವಾಗಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಎಡಕ್ಕೆ ಸುಳಿಯನ್ನು ಓರೆಯಾಗಿ ಕತ್ತರಿಸಿದ ಒಂದು ತೆಳ್ಳನೆಯ ಕೆಂಪು ದಾರಿ. ಅಲ್ಲಿ ಗೆರೆಗಳೇ ಇರಲಿಲ್ಲ. ಹಳೆಯ ಗಾಯ. ಹೊಸ ನೋಟಿನ ಕಟ್ಟಿನ ಪಟ್ಟಿ ಕೊಯ್ದದ್ದಿರಬೇಕು, ಎಷ್ಟು ವರ್ಷದ ಹಿಂದೋ. ಇಡೀ ಸುಳಿ ಒಂದು ಕಡೆಗೆ ಜಗ್ಗಿದಂತಿತ್ತು, ಅಂಚಿಗೆ ಎಳೆದ ದಿಕ್ಕಿಗೆ. ಆ ಅರ್ಧ ಕ್ಷಣದ ಚಲನೆ ಕೂಡ ಅಲ್ಲಿತ್ತು.

ಮೂವತ್ತೈದು ವರ್ಷ ಆ ಮುಖವನ್ನು ಅವನು ನೋಡಿದ್ದ. ಅದರೊಳಗೆ ಯಾರೂ ಇರಲಿಲ್ಲ. ಅದೇ ಅದರ ಹೆಮ್ಮೆಯಾಗಿತ್ತು. ಈಗ ಅಲ್ಲಿ ಒಬ್ಬರಿದ್ದರು. ಬದುಕಿರುವ, ಬೆವರುವ, ಕೈ ಒಡೆದರೆ ಕ್ರೀಮು ಹಚ್ಚಿಕೊಳ್ಳುವ ಒಬ್ಬರು. ಅವರ ಬಾಳಿನ ಅರ್ಧ ಕ್ಷಣ ತಾಮ್ರದಲ್ಲಿ ಇಳಿದು ಕೂತಿತ್ತು; ಅವರೂ ಅವನೂ ಹೋದ ಮೇಲೆ ಇನ್ನೂರು ವರ್ಷ ಕೂತಿರುತ್ತಿತ್ತು. ಎಲ್ಡನ್ ಗಾಜು ಕೆಳಗಿಟ್ಟು ಕಿಟಕಿಯ ಹೊರಗೆ ನೋಡಿದ. ಪಕ್ಕದ ಮನೆಯವನು ಎಂದಿನಂತೆ ಹುಲ್ಲು ಕತ್ತರಿಸುತ್ತಿದ್ದ. ಅವನಿಗೆ ಹೋಗಿ ಏನೋ ಹೇಳಬೇಕೆನಿಸಿತು, ಏನೆಂದು ತಿಳಿಯಲಿಲ್ಲ.

ಹೋಲಿಸಿ ನೋಡೋಣವೆಂದು ಹೊಸ ಸೆಂಟೊಂದರ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿದ. ಬಿದ್ದದ್ದು ಬರೀ ಒಂದು ಮಬ್ಬು ಮಚ್ಚೆ. ಎರಡನೆಯ ಸಲವೂ ಅದೇ. ನಲವತ್ತು ವರ್ಷದ ಪೆಟ್ರೋಲು, ಉಪ್ಪುಕಾಗದ, ಗ್ರೀಸು ಅವನ ಬೆರಳಿನ ಗೆರೆಗಳನ್ನು ಎಂದೋ ಅಳಿಸಿಬಿಟ್ಟಿದ್ದವು. ಅದು ಅವನಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವತ್ತು ಗೊತ್ತಾಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಗಿಂತ ಮೊದಲು ಗಾಜು. ಉಕ್ಕು ಹಾಕುವ ನಿಶ್ಚಯ ಅದರ ಪಾಡಿಗೆ ಅದು ಇತ್ತು. ಆದರೆ ಅದನ್ನು ನೆನೆದಾಗ ಯಾರೋ ಬೇರೆಯವರ ನಿಶ್ಚಯದಂತೆ ಕಾಣುತ್ತಿತ್ತು.

ಏಪ್ರಿಲ್ ಸಭೆಗೆ ಡಾರ್ಲಾ ತನ್ನ ನಾಣ್ಯವನ್ನು ಕಾಗದದ ಪುಟ್ಟ ಲಕೋಟೆಯಲ್ಲಿ ತಂದಿದ್ದಳು. ಕ್ರೀಮು ಹಚ್ಚಿರಲಿಲ್ಲ, ಬೆರಳುಗಳು ಒಣಗಿ ಬಿರಿದಿದ್ದವು. ಅಧ್ಯಕ್ಷ ಲೊವೆಲ್ ಹಾಸ್ಟೆಟ್ಲರ್, ಊರಿನ ಹಲ್ಲಿನ ಡಾಕ್ಟರು, "ತೋರ್ಸಮ್ಮಾ, ಬಾಯಿ ತೆಗಿ ಅನ್ನಲ್ಲ, ಹೆದರ್ಬೇಡ" ಎಂದರು. ಇದನ್ನು ಅವರು ಎಲ್ಲ ಹೊಸಬರಿಗೂ ಹೇಳುತ್ತಾರೆ.

ಅವಳು ಲಕೋಟೆಯಿಂದ ತಟ್ಟೆಗೆ ಸುರಿದದ್ದು ಒಂದು ಸಣ್ಣ ಬೆಳ್ಳಿ ಬಿಲ್ಲೆ. ಮುಖವಿಲ್ಲ, ಅಕ್ಷರವಿಲ್ಲ, ಇಸವಿಯಿಲ್ಲ.

"ಇದು ಏನು ಅಂತ ನಂಗೆ ಗೊತ್ತಿಲ್ಲ," ಎಂದಳು ಡಾರ್ಲಾ. "ತೊಂಬತ್ತಾರನೇ ಇಸವೀಲಿ ಯಾರೋ ಅಜ್ಜಿ ಜಾಡಿ ತಂದು ಸುರಿದ್ರು. ಎಣಿಸೋ ಯಂತ್ರ ಇದನ್ನ ಮೂರು ಸಲ ಉಗುಳ್ತು. ನಾನು ನನ್ನ ಹತ್ತು ಸೆಂಟು ಹಾಕಿ ಇದನ್ನ ತಗೊಂಡೆ. ಮೂವತ್ತೊಂದು ವರ್ಷದಲ್ಲಿ ಇಟ್ಕೊಂಡಿದ್ದು ಇದೊಂದೇ. ಯಾಕೆ ಅಂದ್ರೆ..." ಅವಳು ತಡವರಿಸಿದಳು. "ಸುಮ್ನೆ. ಕೈಗೆ ಹಿತವಾಗಿತ್ತು."

ಯಾರೋ ಕೆಮ್ಮಿದರು. ಸಂಘದ ಚರಿತ್ರೆಯಲ್ಲಿ ಇಷ್ಟು ಬಡ ಭಾಷಣ ಯಾರೂ ಮಾಡಿರಲಿಲ್ಲ. ಲೊವೆಲ್ ಬಿಲ್ಲೆಯನ್ನು ಅಂಚಿನಲ್ಲಿ ಎತ್ತಲು ಬೆರಳು ಚಾಚಿದರು.

"ಬೇಡ ಡಾಕ್ಟ್ರೇ," ಎಂದಳು ಅವಳು. "ಇದನ್ನ ಹಾಗೆ ಹಿಡೀಬೇಡಿ. ಬೆರಳಲ್ಲಿ ಸವರಿ. ಇದಕ್ಕೆ ನೀವು ಏನೂ ಮಾಡೋಕಾಗಲ್ಲ. ಆಗೋದೆಲ್ಲ ಆಗ್ಹೋಗಿದೆ."

ಲೊವೆಲ್ ಹಿಂದೆಮುಂದೆ ನೋಡಿದರು. ಆಮೇಲೆ ಹೆಬ್ಬೆರಳಿಟ್ಟರು. ಅವರ ಹುಬ್ಬು ಮೇಲಕ್ಕೆ ಹೋಯಿತು. ಪಕ್ಕಕ್ಕೆ ಕೊಟ್ಟರು. ಬಿಲ್ಲೆ ಕೈಯಿಂದ ಕೈಗೆ, ತಟ್ಟೆಯಿಲ್ಲದೆ, ಬರಿಗೈಯಲ್ಲಿ ಹೋಯಿತು. ಜೀವಮಾನವಿಡೀ ನಾಣ್ಯದ ಮುಖ ಮುಟ್ಟದವರು ಒಬ್ಬೊಬ್ಬರೂ ಮುಟ್ಟಿದರು. ಕಾರ್ಯದರ್ಶಿ ವರ್ನಾ ಪಿಕರಿಂಗ್ ಕಣ್ಣು ಮುಚ್ಚಿಕೊಂಡೇ ಸವರಿದಳು. ಎಲ್ಡನ್ನನ ಸರದಿ ಬಂತು. ಗೆರೆಯಿಲ್ಲದ ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಸಾಬೂನಿನಂತೆ, ಹೊಳೆಗಲ್ಲಿನಂತೆ ನುಣುಪು. ನಡುವೆ ಕಂಡೂ ಕಾಣದ ಒಂದು ತಗ್ಗು. ಹೆಬ್ಬೆರಳು ತಾನಾಗಿ ಹೋಗಿ ಅಲ್ಲಿ ಕೂತಿತು. ಆ ತಗ್ಗನ್ನು ಯಾರೂ ತೋಡಿದ್ದಲ್ಲ. ನೂರು ವರ್ಷ ಹಾಲಿಗೆ, ಟಿಕೆಟ್ಟಿಗೆ, ಮೊಳೆಗೆ, ದಾರದ ಉಂಡೆಗೆಂದು ಇದನ್ನು ಕೊಟ್ಟವರು, ತೆಗೆದುಕೊಂಡವರು ಪ್ರತಿಯೊಬ್ಬರೂ ಒಂದೊಂದು ಉಸಿರಿನಷ್ಟು ಬೆಳ್ಳಿ ಒಯ್ದಿದ್ದರು. ಒಂದು ಊರಿನಷ್ಟು ಜನ ಆ ತಗ್ಗಿನಲ್ಲಿದ್ದರು. ಎಲ್ಡನ್ನನ ಕೈ ನಡುಗುತ್ತಿರಲಿಲ್ಲ.

"ಕಿಟಕಿ ಹತ್ರ ಓರೆ ಹಿಡಿ," ಎಂದರು ಲೊವೆಲ್ ಪಿಸುಮಾತಿನಲ್ಲಿ. ಓರೆ ಹಿಡಿದಾಗ, ಒಂದೇ ಒಂದು ಕೋನದಲ್ಲಿ, ಬಂಡೆಯ ಮೇಲೆ ಕೂತ ಒಬ್ಬ ಹೆಂಗಸಿನ ನೆರಳು ಬೆಳ್ಳಿಯೊಳಗಿಂದ ಎದ್ದು ಬಂದು, ಮತ್ತೆ ಮುಳುಗಿತು. ಹತ್ತು ಸೆಂಟಿನ ಹಳೆಯ ನಾಣ್ಯ. ಎಲ್ಡನ್ನನ ಕೆಂಪು ಸೆಂಟಿನ ಓರಗೆಯದಿದ್ದರೂ ಇರಬಹುದು. ಡಾರ್ಲಾ ಅದನ್ನು ಇಪ್ಪತ್ತೇಳು ವರ್ಷ ಇಟ್ಟುಕೊಂಡೂ ಆ ಹೆಂಗಸನ್ನು ಕಂಡಿರಲಿಲ್ಲ. ಅವಳು ಎದ್ದು ಬಂದು ಎಲ್ಡನ್ನನ ಭುಜದ ಪಕ್ಕ ನಿಂತು ನೋಡಿದಳು. ಬಹಳ ಹೊತ್ತು ಯಾರೂ ಕೂರಿರೆಂದು ಹೇಳಲಿಲ್ಲ.

ಆಮೇಲೆ ಮತ. ಒಬ್ಬೊಬ್ಬರಾಗಿ ಎದ್ದು ಕಾಲುಚೀಲದೊಳಗೆ ಕೈ ತೂರಿಸಿದರು. ಎಲ್ಡನ್ ತನ್ನ ಮುಷ್ಟಿಯಲ್ಲಿದ್ದ ಎರಡರಲ್ಲಿ ಯಾವುದು ತಾಮ್ರವೆಂದು ಬೆರಳಲ್ಲೇ ತಿಳಿದು, ಅದನ್ನು ಬಿಟ್ಟ. ಉಳಿದ ಉಕ್ಕನ್ನು ಬಾಗಿಲ ಬಳಿಯ ಕಾಫಿಡಬ್ಬಿಗೆ ಹಾಕಿ ಬಂದು ಕೂತ. ಎಷ್ಟೋ ದಿನದ ಮೇಲೆ ಹಸಿವಾದಂತಾಯಿತು. ವರ್ನಾ ತಂದಿದ್ದ ನಿಂಬೆಹಣ್ಣಿನ ಕೇಕಿನ ಕಡೆ ನೋಡಿದ.

ಲೊವೆಲ್ ಅಯಸ್ಕಾಂತ ಇಳಿಬಿಟ್ಟರು. ಟಕ್ ಎಂದಿತು.

ದಾರ ಮೇಲೆ ಬಂದಾಗ ತುದಿಯಲ್ಲಿ ಒಂದು ಬೂದುಬಣ್ಣದ ಸೆಂಟು ನೇತಾಡುತ್ತಿತ್ತು. ಒಂದೇ ಒಂದು.

ಹದಿನೆಂಟು ಜೊತೆ ಕಣ್ಣುಗಳು ಎಲ್ಡನ್ನನ ಕಡೆ ತಿರುಗಿ, ಮರ್ಯಾದೆಯಿಂದ ತಕ್ಷಣ ನೆಲಕ್ಕಿಳಿದವು. ಯಾರೂ ತಪ್ಪೆನ್ನಲಿಲ್ಲ; ಹೆಬ್ಬೆಟ್ಟು ಬಿದ್ದದ್ದು ಅವನ ಸೆಂಟಿಗೆ. ಡಾರ್ಲಾ ಕೂಡ ನೋಡಿದಳು. ನೋಡಿ, ಬ್ಯಾಂಕಿನ ಕಿಟಕಿಯಾಚೆಯ ಗಿರಾಕಿಗೆ ಆಡಿಸುವಂತೆ ತಲೆಯಾಡಿಸಿದಳು. "ಸರಿಯಾಗೇ ಇದೆ," ಎಂದಳು. "ಕಾಫಿ ಕುಡಿದು ಹೋಗ್ಬಹುದಾ? ಹೊರಗೆ ಚಳಿ."

ನನ್ನದಲ್ಲ ಎನ್ನುವಂತಿಲ್ಲ. ಎಂದರೆ ನಲವತ್ತೊಂದು ವರ್ಷದ ಸದಸ್ಯತ್ವ ಅಲ್ಲಿಗೆ ಮುಗಿಯಿತು. ಎಲ್ಡನ್ನನ ಪಕ್ಕದಲ್ಲಿ ರಾಯ್ಸ್ ತನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಅವನ ಕಿವಿಯೆರಡೂ ಹೊಸ ಸೆಂಟಿನಂತೆ ಕೆಂಪಾಗಿದ್ದವು. ಒಂದನೆಯ ತರಗತಿಯಿಂದ ಆ ಕಿವಿಗಳನ್ನು ಬಲ್ಲವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಗೆಳೆಯ ಹಾಕಲಾರ ಎಂದು ಅವನ ಪರವಾಗಿ ರಾಯ್ಸ್ ತಾನೇ ಉಕ್ಕು ಹಾಕಿದ್ದ.

ಎಲ್ಡನ್ ಎದ್ದು ನಿಂತ. ಸಭೆಯಲ್ಲಿ ಅವನು ಕೊನೆಯ ಸಲ ಎದ್ದು ಮಾತಾಡಿದ್ದು ಡೋನಟ್ಟಿನ ವಿಷಯಕ್ಕೆ.

"ಅಧ್ಯಕ್ಷರೇ, ಹನ್ನೆರಡನೇ ಕಲಮು ಓದಿ."

ಲೊವೆಲ್ ಕನ್ನಡಕ ಏರಿಸಿ, ಹಳದಿಯಾದ ಪುಸ್ತಕ ತೆರೆದು ಓದಿದರು. ಉಕ್ಕು ಬಿದ್ದ ಅಭ್ಯರ್ಥಿಯನ್ನು ಅದೇ ಸಭೆಯಲ್ಲಿ ಮತ್ತೆ ಸೂಚಿಸಬಹುದು. ಆದರೆ ಸೂಚಕನೂ ಅನುಮೋದಕನೂ ಮೊದಲಿನವರಲ್ಲದೆ ಬೇರೆಯವರಾಗಿರಬೇಕು, ಮತ ಮುಂದಿನ ತಿಂಗಳು. 1974ರ ತೂತಿನವನಿಗೆ ಇದು ಬೇಕಾಗಿರಲಿಲ್ಲವಾದ್ದರಿಂದ ಈ ಕಲಮನ್ನು ಯಾರೂ ಕೇಳಿಯೇ ಇರಲಿಲ್ಲ.

"ಸೂಚಿಸ್ತೀನಿ," ಎಂದ ಎಲ್ಡನ್. "ಡಾರ್ಲಾ ಅವರ ಹೆಸರು. ನಾನು."

ನೆಲ ನೋಡುತ್ತಿದ್ದ ಕಣ್ಣುಗಳೆಲ್ಲ ಮೇಲೆದ್ದವು. ಉಕ್ಕು ಹಾಕಿದವನು ಸೂಚಿಸುತ್ತಾನೆಯೇ ಎಂಬ ಲೆಕ್ಕ ಒಂದೊಂದು ಮುಖದಲ್ಲೂ ನಿಧಾನವಾಗಿ ತಿರುಗಿ ಬಿದ್ದದ್ದು ಕಾಣಿಸಿತು. ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಡಾರ್ಲಾ ಕಾಫಿಯ ಲೋಟವನ್ನು ತುಟಿಗೂ ಮೇಜಿಗೂ ನಡುವೆ ಹಿಡಿದು ನಿಂತುಬಿಟ್ಟಳು.

"ಅನುಮೋದನೆ?" ಎಂದರು ಲೊವೆಲ್.

ವರ್ನಾ ಕೈಯೆತ್ತಹೋಗಿ ಇಳಿಸಿದಳು. ಡಾರ್ಲಾಳ ಹೆಸರನ್ನು ಮೊದಲ ಸಲ ಸೂಚಿಸಿದ್ದವಳು ಅವಳೇ. ಬೇರೆ ಕೈಗಳು ಏಳುವುದರಲ್ಲಿದ್ದವು. ಎಲ್ಡನ್ ಯಾರ ಕಡೆಗೂ ನೋಡದೆ ಪಕ್ಕದಲ್ಲಿ ಬಗ್ಗಿದ್ದ ರಾಯ್ಸ್‌ನ ನೆತ್ತಿಯನ್ನೇ ನೋಡುತ್ತ ನಿಂತಿದ್ದ. ಅದು ಎಲ್ಲರಿಗೂ ಕಂಡಿತು. ಏಳಬೇಕೆಂದಿದ್ದ ಕೈಗಳೆಲ್ಲ ಮಡಿಲಲ್ಲೇ ಉಳಿದವು.

ರಾಯ್ಸ್ ಲೇಸಿಗೆ ಎರಡನೆಯ ಗಂಟು ಹಾಕಿದ. ಮೂರನೆಯದಕ್ಕೆ ದಾರ ಉಳಿದಿರಲಿಲ್ಲ.

"ಸರಿ ಮಾರಾಯ, ಸರಿ," ಎಂದ, ತಲೆಯೆತ್ತದೆ, ಕೈಯೊಂದನ್ನೇ ಮೇಲೆತ್ತಿ. "ಅನುಮೋದಿಸ್ತೀನಿ. ಅಷ್ಟು ಹೊತ್ತು ದುರುಗುಟ್ಕೊಂಡು ನೋಡ್ಬೇಡ, ಕುತ್ತಿಗೆ ಉರೀತಿದೆ."

ಮುಂದಿನ ತಿಂಗಳ ಅಯಸ್ಕಾಂತ ಬರಿದಾಗಿಯೇ ಬರುತ್ತದೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ಡಾರ್ಲಾ ಲೋಟ ಕೆಳಗಿಟ್ಟಳು. ಬಿರಿದ ಬೆರಳುಗಳಿಂದ ಕಣ್ಣೊರೆಸಿಕೊಳ್ಳಹೋಗಿ ಬೇಡವೆಂದು ತೋಳು ಬಳಸಿದಳು.

ವರ್ನಾ ದಫ್ತರು ಬಿಚ್ಚಿ ಎಲ್ಡನ್ನನ ಮುಂದಿಟ್ಟು ಪೆನ್ನು ಕೊಟ್ಟಳು. ಅಭ್ಯರ್ಥಿಯ ಪೂರ್ತಿ ಹೆಸರನ್ನು ಸೂಚಕನೇ ತನ್ನ ಕೈಯಾರೆ ಬರೆಯಬೇಕು. ಅವನು ಪೆನ್ನು ಊರಿ ನಿಂತ. ಆ ಹೆಬ್ಬೆರಳಿನ ಒಂದೊಂದು ಸುತ್ತೂ ಅವನಿಗೆ ಗೊತ್ತು. ಗಾಯ ಎಲ್ಲಿ ಶುರುವಾಗಿ ಎಷ್ಟನೆಯ ಗೆರೆಗೆ ಮುಗಿಯುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲ. ಹೆಸರು ಗೊತ್ತಿರಲಿಲ್ಲ.

"ಕ್ಷಮಿಸಿ," ಎಂದ. "ಮೂವತ್ತೊಂದು ವರ್ಷ ಆಯ್ತು, ಕೇಳಲೇ ಇಲ್ಲ. ಪೂರ್ತಿ ಹೆಸರು ಹೇಳಿ."

"ಬರ್ಕೊಳ್ಳಿ, ಉದ್ದ ಇದೆ," ಎಂದಳು ಅವಳು ಪಕ್ಕದ ಕುರ್ಚಿ ಎಳೆದುಕೊಂಡು. "ಡಾರ್ಲಾ ರೂತ್ ಹಾಲ್ವರ್ಸನ್. ಮೊದಲನೇ ಗಂಡನ ಹೆಸರೂ ಬೇಕಾ?"

"ಇದ್ದಷ್ಟೂ ಹೇಳಿ," ಎಂದು ಎಲ್ಡನ್ ಒಂದೊಂದೇ ಅಕ್ಷರ ಬರೆಯತೊಡಗಿದ.